ಗೋಡೆಗೆ ಹಾಕಿದ ಬೆಲ್ಲ

ನಾಗಶ್ರೀಗೆ ಇಬ್ಬರು ಸವತಿಯರು. ಒಬ್ಬಳಿಗೆ ತೊಂಬತ್ತರ ಆಸುಪಾಸು. ಮೈತುಂಬ ಬಿರುಕು, ತಲೆಯ ಮೇಲೆ ಅರ್ಧಂಬರ್ಧ ಹೆಂಚು. ಅವಳು ಮಳವಳ್ಳಿಯ ಕೇರಿಯಲ್ಲಿರುವ ಹಳೆಯ ರಾತ್ರಿಶಾಲೆಯ ಕಟ್ಟಡ. ಇನ್ನೊಬ್ಬಳಿಗೆ ನಲವತ್ತೂ ಆಗಿಲ್ಲ. ಮೈಸೂರಿನಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ಕೆಲಸ ಮಾಡುವ ಇಂಜಿನಿಯರು ಶೋಭಿತಾ. ನಾಗಶ್ರೀಯ ಗಂಡ ರವಿಚಂದ್ರ ಈ ಎರಡನೆಯವಳ ಬೆರಳನ್ನೂ ಮುಟ್ಟಿದವನಲ್ಲ. ಅದು ನಾಗಶ್ರೀಗೂ ಗೊತ್ತು. ಮುಟ್ಟಿದ್ದರೆ ಒಂದು ಲೆಕ್ಕಕ್ಕೆ ಸುಲಭವಾಗುತ್ತಿತ್ತು. ಜುಟ್ಟು ಹಿಡಿದು ಜಗಳವಾಡಬಹುದಿತ್ತು, ನಾಲ್ಕು ಜನರನ್ನು ಸೇರಿಸಿ ನ್ಯಾಯ ಕೇಳಬಹುದಿತ್ತು, ತವರಿಗೆ ಹೋಗಿ ಕೂರಬಹುದಿತ್ತು. ಗಂಡ ಒಂದು ಗೋಡೆಯ ಹಿಂದೆ ಬಿದ್ದಿದ್ದಾನೆ ಎಂದರೆ ಯಾವ ಪಂಚಾಯಿತಿ ದೂರು ತೆಗೆದುಕೊಳ್ಳುತ್ತದೆ?

ಕಟ್ಟಡವೇನು ಅರಮನೆಯಲ್ಲ. ಒಂದು ಉದ್ದನೆಯ ಹಜಾರ, ಎರಡು ಕೋಣೆ, ಮುಂದೆ ಕಮಾನುಗಳಿರುವ ಜಗಲಿ. ಊರಿನ ಶಾಲೆಯಲ್ಲಿ ಕೇರಿಯ ಮಕ್ಕಳನ್ನು ಬಾಗಿಲ ಹೊರಗೆ ಕೂರಿಸುತ್ತಿದ್ದ ಕಾಲದಲ್ಲಿ, ಕೇರಿಯ ಜನ ಹಗಲೆಲ್ಲಾ ಕೂಲಿ ಮಾಡಿ, ಸಂಜೆ ಇಟ್ಟಿಗೆ ಹೊತ್ತು, ತಾವೇ ಸುಣ್ಣ ಸುಟ್ಟು ಕಟ್ಟಿಕೊಂಡದ್ದು. ಮುಂದೆ ನಿಂತು ಕಟ್ಟಿದವರು ಗಾರೆ ಮೇಸ್ತ್ರಿ ಕೆಂಪಸಿದ್ದಯ್ಯ. ಅವರ ಮಗಳು ಮಂಚಮ್ಮನೇ ರವಿಚಂದ್ರನ ತಾಯಿ. ಕೆಂಪಸಿದ್ದಯ್ಯನವರ ಮಗನ ಮಗಳೇ ಶೋಭಿತಾ. ಹಾಗಾಗಿ ರವಿಗೂ ಶೋಭಿತಾಳಿಗೂ ಅದು 'ನಮ್ಮ ತಾತ ಕಟ್ಟಿದ್ದು'. ಆ 'ನಮ್ಮ' ಎಂಬ ಮಾತಿನೊಳಗೆ ನಾಗಶ್ರೀಗೆ ಕೂರಲು ಜಾಗವಿರಲಿಲ್ಲ.

ಮುಳ್ಳು ಇದ್ದದ್ದು ಅದಕ್ಕಿಂತ ಆಳದಲ್ಲಿ. ನಮ್ಮ ಕಡೆ ಸೋದರಮಾವನ ಮಗಳೆಂದರೆ ತೊಟ್ಟಿಲಲ್ಲೇ ಗೊತ್ತಾದ ಹೆಂಡತಿ. ಮಂಚಮ್ಮನೂ ಹಾಗೇ ಅಂದುಕೊಂಡಿದ್ದಳು. ಆದರೆ ಹುಡುಗಿ ಓದಬೇಕು ಎಂದು ಹಠ ಹಿಡಿದು ಮೈಸೂರಿಗೆ ಹೋದಳು, ಅಲ್ಲಿಂದ ಇನ್ನೂ ದೂರ ಹೋದಳು. ಕಾದು ಕಾದು ಸಾಕಾಗಿ ಮಂಚಮ್ಮ ಕೊತ್ತತ್ತಿಯಿಂದ ನಾಗಶ್ರೀಯನ್ನು ತಂದು ಮನೆ ತುಂಬಿಸಿಕೊಂಡಳು. ಮದುವೆಯಾಗಿ ಹದಿನಾಲ್ಕು ವರ್ಷವಾಗಿದೆ, ಮಗಳು ಗಗನ ಆರನೇ ಕ್ಲಾಸಿಗೆ ಬಂದಿದ್ದಾಳೆ. ಈಗಲೂ ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಮಂಚಮ್ಮ ತಟ್ಟೆ ನೋಡಿಕೊಂಡು, "ನಮ್ಮಣ್ಣನ ಮಗ್ಳು ಓದ್ಬುಟ್ಳು, ಏನ್ಮಾಡದು" ಅನ್ನುತ್ತಾಳೆ. ಉಪ್ಪಿಗೂ ಓದಿಗೂ ಏನು ಸಂಬಂಧವೋ ಮಂಚಮ್ಮನನ್ನೇ ಕೇಳಬೇಕು.

ಅಂಥ ಶೋಭಿತಾ ಈಗ ಜೀನ್ಸ್ ತೊಟ್ಟು, ತಲೆಗೊಂದು ಟವೆಲ್ ಸುತ್ತಿಕೊಂಡು ಕೇರಿಗೇ ಬಂದು ನಿಂತಿದ್ದಳು. ಬಂದವಳು ರವಿಯನ್ನು ಸರ್ ಅನ್ನಬಹುದಿತ್ತು, ಹೆಸರು ಹಿಡಿದು ಕರೆಯಬಹುದಿತ್ತು. "ಬಾವ" ಅನ್ನುತ್ತಿದ್ದಳು. ತಪ್ಪೇನಿಲ್ಲ, ವರಸೆಯಲ್ಲಿ ಬಾವನೇ. ಆದರೆ ಅವಳು ಬಾವ ಎಂದಾಗಲೆಲ್ಲ ನಾಗಶ್ರೀಗೆ ಯಾರೋ ತನ್ನ ಮನೆಯ ಬೀರುವಿನ ಬೀಗಕ್ಕೆ ಬೇರೆ ಕೀಲಿ ಹಾಕಿ ತಿರುವಿದಂತಾಗುತ್ತಿತ್ತು.

ಕಟ್ಟಡ ಬೀಳುವ ಹಾಗಿದೆ, ಕೆಡವಿ ಎಂದು ಪುರಸಭೆಯಿಂದ ನೋಟೀಸು ಬಂದಿತ್ತು. ಕಾಂಟ್ರಾಕ್ಟರ್ ಪ್ರಸನ್ನ, ಕೆಡವಿದ ಜಾಗದಲ್ಲಿ ಸಿಮೆಂಟಿನ ಸಮುದಾಯ ಭವನ ಕಟ್ಟುತ್ತೇನೆಂದು ನಕಾಶೆ ಹಿಡಿದು ತಿರುಗುತ್ತಿದ್ದ. ಮದ್ದೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ರವಿಚಂದ್ರ ಕಟ್ಟಡ ಉಳಿಸುವ ಸಮಿತಿ ಮಾಡಿದ. ಅಧ್ಯಕ್ಷರು ಕೇರಿಯ ಹಿರಿಯರಾದ ಶಿವಯ್ಯ. ಶಿವಯ್ಯ ಎರಡೂ ಕಡೆಯವರ ಮಾತು ಕೇಳಿ ಒಂದು ತೀರ್ಮಾನ ಹೇಳಿದರು: "ಮುಂದ್ಗಡೆ ಗೋಡೆ ಒಂದ ಮೊದ್ಲಿನಂಗೆ ಮಾಡಿ ತೋರ್ಸಿ. ನಿಂತ್ಕಂಡ್ರೆ ಉಳಿಸ್ಕಳನ. ಇಲ್ದಿದ್ರೆ ಜೇಸಿಬಿ ಕರ್ಸನ." ಅದಕ್ಕಾಗಿಯೇ ಶೋಭಿತಾ ಬಂದದ್ದು. ಸಂಬಳವನ್ನೂ ಕೇಳಲಿಲ್ಲ. ಕೇಳಿದ್ದರೆ ನಾಗಶ್ರೀಗೆ ಬೈಯಲು ಒಂದು ಕಾರಣವಾದರೂ ಸಿಗುತ್ತಿತ್ತು.

ಗಾರೆ ಕೆಲಸವೆಂದರೆ ಬಾಣಂತನವಿದ್ದ ಹಾಗೆ ಎಂದು ಊರಿಗೆಲ್ಲ ಗೊತ್ತಾದದ್ದು ಆಮೇಲೆ. ಸುಣ್ಣವನ್ನು ಗುಂಡಿಯಲ್ಲಿ ನೆನೆಹಾಕಿ ವಾರಗಟ್ಟಲೆ ಮಾಗಿಸಬೇಕು. ಮರಳು ಸೇರಿಸಿ ಅರೆಯಬೇಕು. ಬಳಿದ ಮೇಲೆ ಬಿಸಿಲು ನೇರ ಬೀಳದ ಹಾಗೆ ಗೋಣಿಚೀಲ ಕಟ್ಟಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ ತಂಪಾಗಿ ನೋಡಿಕೊಳ್ಳಬೇಕು. ಹಿಂದಿನ ಸಣ್ಣದೊಂದು ಗೋಡೆಯ ಮೇಲೆ ಮೊದಲು ಬಳಿದು ನೋಡುವ ಪ್ರಯೋಗ ನಡೆಯಿತು. ನೀರು ಚಿಮುಕಿಸುವ ಕೆಲಸವನ್ನು ರವಿ ತಾನೇ ವಹಿಸಿಕೊಂಡ. ಮನೆಯ ಮುಂದಿನ ತುಳಸಿಗೆ ಒಂದು ಚೆಂಬು ನೀರು ಹಾಕದ ಗಂಡಸು, ಹಲ್ಲುಜ್ಜುವ ಮೊದಲೇ ಬಕೆಟ್ಟು ಹಿಡಿದು ಹೊರಡುತ್ತಿದ್ದ. ಕಾಲೇಜಿನಿಂದ ಬಸ್ಸಿಳಿದವನು ಮನೆಗೆ ಬರುವ ಮೊದಲು ಗೋಡೆಗೆ ಹೋಗುತ್ತಿದ್ದ.

"ಎಲ್ಲವ್ನೆ ನಿನ್ ಗಂಡ?" ಎಂದು ಮಂಚಮ್ಮ ಕೇಳುವಳು.

"ಗೋಡೆಗೆ ನೀರು ಕುಡಿಸೋಕೆ ಓಗವ್ರೆ."

"ಓಗ್ಲಿ ಬುಡು. ನಮ್ಮಪ್ಪ ಕಟ್ಟಿದ್ ಗೋಡೆ."

ಮುತ್ತತ್ತಿಗೆ ಕರೆದುಕೊಂಡು ಹೋಗಿ, ಹೊಳೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಒಂದು ದಿನ ಕೂತು ಬರೋಣ ಎಂದು ನಾಗಶ್ರೀ ಎಷ್ಟೋ ಸಲ ಕೇಳಿದ್ದಳು. ಪ್ರತಿ ಭಾನುವಾರ ಒಂದು ನೆಪ. ಒಂದು ದಿನ ಮಧ್ಯಾಹ್ನ ಫೋನು ಮಾಡಿದರೆ, "ಮುತ್ತತ್ತಿ ದಾರೀಲಿದ್ದೀನಿ ಕಣೆ, ಇಲ್ಲೊಂದು ಹಳೇ ಮಂಟಪದ ಗಾರೆ ನೋಡ್ಬೇಕಂತೆ ಶೋಭಿತಾ, ಮೇಸ್ತ್ರಿ ಕರಿಯಯ್ಯನೂ ಬಂದಿದ್ದಾನೆ" ಎಂದ. ಕರಿಯಯ್ಯ ಬಂದಿದ್ದಾನೆ ಎಂಬುದನ್ನು ಅವನು ಸೇರಿಸಿ ಹೇಳಿದ್ದೇ ಅವಳಿಗೆ ಇನ್ನಷ್ಟು ಉರಿಯಿತು. ಆವತ್ತು ಅವಳು ಅನ್ನಕ್ಕೆ ಎಸರಿಡಲೇ ಇಲ್ಲ. ಅತ್ತೆ, ಮಗಳು ಇಬ್ಬರಿಗೂ ಬೆಳಗಿನ ತಂಗಳು ಮುದ್ದೆ.

ಪ್ರಯೋಗದ ಗೋಡೆ ಗಟ್ಟಿಯಾಗಿ ನಿಂತಿತು. ಮುಂದಿನ ದೊಡ್ಡ ಗೋಡೆಯ ಸರದಿ ಬಂದಾಗ ಶೋಭಿತಾ ಒಂದು ಬೆಳಿಗ್ಗೆ ಮನೆಗೆ ಬಂದಳು. ಬಂದವಳು ಅತ್ತೆಯ ಹತ್ತಿರ ಕೂರದೆ ನೇರ ಅಡಿಗೆಮನೆಗೇ ಬಂದು, ನೆಲದ ಮೇಲೆ ಕೂತು, ಕಾಫಿ ಲೋಟ ಹಿಡಿದಳು.

"ಅಕ್ಕಾ, ಗಾರೆ ಕಲೆಸೋಕೆ ಬೆಲ್ಲದ ನೀರು ಬೇಕು. ಹಿಂದಿನ ಸಣ್ಣ ಗೋಡೆಗೆ ನಾನೇ ಮೈಸೂರಿಂದ ಕರಗಿಸಿ ತಂದಿದ್ದೆ, ಇದಕ್ಕೆ ತುಂಬಾ ಬೇಕಾಗುತ್ತೆ. ನಿಮ್ಮ ತವರಲ್ಲಿ ಆಲೆಮನೆ ಇದೆಯಂತಲ್ಲ, ಬಾವ ಹೇಳಿದ್ರು. ಕರೀ ಬೆಲ್ಲ ಸಾಕು. ಪೌಡರ್ ಗಿವ್ಡರ್ ಹಾಕಿರೋದು ಬೇಡವೇ ಬೇಡ. ನೋಡೋಕೆ ಚೆನ್ನಾಗಿರಬೇಕು ಅಂತೇನಿಲ್ಲ, ತಳದಲ್ಲಿ ಉಳಿದಿರೋದಾದ್ರೂ ಆಗುತ್ತೆ."

ನಾಗಶ್ರೀ ಆಗಲಿ ಎಂದಳು. ಒಳಗೊಳಗೇ ಕುದಿಯುತ್ತಿದ್ದಳು. ಕರೀ ಬೆಲ್ಲ! ದನಕ್ಕೆ ಕಲಸಿ ಹಾಕುವ ಬೆಲ್ಲ! ಇವಳು ಓದಿ ಬಂದದ್ದು ಬೇರೆಯವರ ತವರನ್ನು ತಳದ ಬೆಲ್ಲಕ್ಕೆ ಸಮ ಮಾಡುವುದಕ್ಕೋ? ಶೋಭಿತಾ ಹೇಳಿದ್ದು ಒಂದು, ನಾಗಶ್ರೀ ಕೇಳಿಸಿಕೊಂಡದ್ದು ಇನ್ನೊಂದು. ಹೊಟ್ಟೆಕಿಚ್ಚಿಗೆ ಕಿವಿ ಇರುವುದೇ ಹಾಗೆ.

ಇವಳ ಉರಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಸುಳ್ಳು ಎನ್ನಲಾಗದು. ನಾಗಶ್ರೀಯ ಅಪ್ಪ ಕೊತ್ತತ್ತಿಯಲ್ಲಿ ಮೊದಲು ಆಲೆಮನೆ ಗುತ್ತಿಗೆ ಹಿಡಿದಾಗ, ಊರಿನ ದೊಡ್ಡ ಮನೆಗಳವರು ಬೆಲ್ಲವನ್ನು ಬೇರೆ ಊರಿನಿಂದ ತರಿಸಿಕೊಂಡರು. ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಪ್ಪ ಹಠ ಹಿಡಿದು ಮಂಡ್ಯದ ಮಾರ್ಕೆಟ್ಟಿನಲ್ಲೇ ಮೊದಲ ಸಾಲಿಗೆ ಇಡುವಂಥ ಹೊಂಬಣ್ಣದ ಅಚ್ಚು ತೆಗೆದ. ಅಲ್ಲಿ ಬಣ್ಣ ನೋಡಿ ಕೊಂಡವರು ಯಾರ ಕೈ ಎಂದು ಕೇಳಲಿಲ್ಲ. ಅದೇ ಬೆಲ್ಲ ಸುತ್ತಿ ಬಳಸಿ ಆ ದೊಡ್ಡ ಮನೆಗಳ ಪಾಯಸಕ್ಕೂ ಬಂತು. ಆ ಬಣ್ಣ ಬರುವುದು ಕುದಿಯುವ ಕಬ್ಬಿನ ಹಾಲಿಗೆ ಹಾಕುವ ಬಿಳಿ ಪುಡಿಯಿಂದ ಎಂಬುದು ಆಲೆಮನೆಯ ಮಕ್ಕಳಿಗೆಲ್ಲ ಗೊತ್ತು. ಅದನ್ನು ಯಾರೂ ಮೋಸ ಎಂದುಕೊಂಡಿರಲಿಲ್ಲ. ಬೆಲ್ಲ ಎಂದರೆ ಹಳದಿ, ಅಷ್ಟೇ.

ಮಾರನೆಯ ದಿನ ಅವಳು ಮಂಡ್ಯದ ಬಸ್ಸು ಹತ್ತಿ, ಅಲ್ಲಿಂದ ಕೊತ್ತತ್ತಿಗೆ ಹೋದಳು. ತಮ್ಮ ಸಿದ್ದರಾಜು ಆಲೆಮನೆಯ ಒಲೆಯ ಮುಂದೆ ನಿಂತು ಕೊಪ್ಪರಿಗೆಯಲ್ಲಿ ಕೈಯಾಡಿಸುತ್ತಿದ್ದ.

"ಕರೀದು ಬೇಕಾದಷ್ಟದೆ ಕಣಕ್ಕ," ಎಂದ. "ಮಳೇಲಿ ನೆಂದಿದ್ ಕಬ್ಬಿಂದು. ಪೌಡರೂ ಹಾಕ್ಲಿಲ್ಲ ಅದ್ಕೆ. ಯಾರೂ ಕೇಳ್ದೆ ಮೂಲೇಲಿ ಬಿದ್ದದೆ, ಎಲ್ಲಾನೂ ತಕಂಡೋಗು."

ನಾಗಶ್ರೀ ಮೂಲೆಯ ಆ ಮೂಟೆಗಳನ್ನು ನೋಡಿದಳು. ಕಪ್ಪಗೆ, ಅಂಟು ಅಂಟಾಗಿ, ಮೇಲೆಲ್ಲ ನೊಣ. ಇದನ್ನು ಶೋಭಿತಾ ಮುಟ್ಟಿ ನೋಡುತ್ತಾಳೆ. ಪಕ್ಕದಲ್ಲಿ ರವಿ ನಿಂತಿರುತ್ತಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

"ಇದ್ ಬ್ಯಾಡ. ಮಾರ್ಕೆಟ್ಟಿಗೆ ಓಗೋ ಅಚ್ಚು ಕೊಡು."

"ಗೋಡೆಗಾ? ಅದ್ಕೆ ಪೌಡರ್ ಹಾಕಿವ್ನಿ ಕಣಕ್ಕ."

"ಜನ ತಿಂದು ಬದುಕವ್ರೆ, ಗೋಡೆ ಸತ್ತೋಯ್ತದಾ? ಆ ಮೈಸೂರಮ್ಮ ನೋಡ್ಲಿ ಕಣ್ಲಾ, ಕೊತ್ತತ್ತಿ ಬೆಲ್ಲ ಅಂದ್ರೆ ಏನು ಅಂತ."

ಸಿದ್ದರಾಜುವಿಗೂ ಆ ಮಾತು ಹಿತವಾಯಿತು. ಹೇಳಿ ಕೇಳಿ ಅಕ್ಕನ ಗಂಡನ ಊರಿನ ಕೆಲಸ. ಹದವಾದ, ಹೊಳೆಯುವ ಅಚ್ಚುಗಳನ್ನೇ ಆರಿಸಿ ಗೂಡ್ಸ್ ಆಟೋಗೆ ತುಂಬಿಸಿದ. ನಾಗಶ್ರೀ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಮೆರವಣಿಗೆಯಲ್ಲಿ ಕೂತವಳಂತೆ ನೆಟ್ಟಗೆ ಕೂತು ಮಳವಳ್ಳಿಗೆ ಬಂದಳು.

ಶೋಭಿತಾ ಆ ವಾರ ಬೇರೆ ಕೆಲಸಕ್ಕೆಂದು ಮೈಸೂರಿಗೆ ಹೋಗಿದ್ದಳು. ಗುಂಡಿಯ ಹತ್ತಿರ ಇದ್ದವರು ರವಿ ಮತ್ತು ಕರಿಯಯ್ಯ. ಎಂಥ ಬೆಲ್ಲ ಬೇಕು ಎಂಬ ಮಾತು ನಡೆದದ್ದು ಅಡಿಗೆಮನೆಯಲ್ಲಿ, ಅದು ರವಿಗೆ ಗೊತ್ತಿರಲಿಲ್ಲ. ಅವನು ಒಂದು ಅಚ್ಚನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದ.

"ಏನೇ ಇದು, ಚಿನ್ನ ಇದ್ದಂಗಿದೆಯಲ್ಲೇ! ನಿನ್ನ ತಮ್ಮನ ಹೆಸರು ಈ ಗೋಡೆ ಮೇಲೆ ಬರೆಸ್ಬೇಕು ಬಿಡು."

ಎಷ್ಟು ಕಾಲವಾಗಿತ್ತು, ಅವನು ಅವಳ ಮುಖ ನೋಡಿ ಹೀಗೆ ನಕ್ಕು! ನಾಗಶ್ರೀಗೆ ಅಲ್ಲೇ ಕುಣಿದುಬಿಡೋಣ ಎನ್ನಿಸಿತು. ಕರಿಯಯ್ಯ ಒಂದು ಚೂರು ಬಾಯಿಗೆ ಹಾಕಿಕೊಂಡು ಚಪ್ಪರಿಸಿದ. ಸಂಜೆಯೊಳಗೆ ಅಷ್ಟೂ ಬೆಲ್ಲ ಡ್ರಮ್ಮುಗಳ ನೀರಿನಲ್ಲಿ ಕರಗಿತು. ಶೋಭಿತಾ ವಾಪಸು ಬರುವ ಹೊತ್ತಿಗೆ ಅರ್ಧ ಗೋಡೆ ಬಳಿದಾಗಿತ್ತು.

"ಬೆಲ್ಲ ಸಿಕ್ತಲ್ಲ ಅಕ್ಕಾ, ಥ್ಯಾಂಕ್ಸ್," ಎಂದಳು.

"ನಮ್ಮನೇದು. ಸಿಗ್ದೆ ಏನು," ಎಂದಳು ನಾಗಶ್ರೀ.

ಗೋಡೆ ಮುಗಿದಾಗ ನೋಡಲು ಊರೇ ಬಂತು. ನುಣ್ಣಗೆ, ಬೆಣ್ಣೆಯ ಬಣ್ಣದಲ್ಲಿ, ಕಮಾನಿನ ಅಂಚುಗಳೆಲ್ಲ ಚೂಪಾಗಿ ಎದ್ದು ನಿಂತಿದ್ದವು. ಮಂಚಮ್ಮ ಗೋಡೆಗೆ ಕೆನ್ನೆ ತಾಗಿಸಿ ಅತ್ತುಬಿಟ್ಟಳು. ಶಿವಯ್ಯ ತಲೆದೂಗಿದರು. ಆದರೆ ಗೋಣಿಚೀಲ ಬಿಚ್ಚಿ, ಗೋಡೆ ಒಣಗುತ್ತಾ ಬಂದ ಹಾಗೆ ಅದರ ಮೈಮೇಲೆ ಬಿಳಿ ಬಿಳಿ ಉಪ್ಪು ಉಕ್ಕತೊಡಗಿತು. ಒರೆಸಿದರೆ ಮತ್ತೆ ಬರುತ್ತಿತ್ತು. ಆಮೇಲೆ ಅಲ್ಲಲ್ಲಿ ಉಬ್ಬಿತು. ಒಂದು ದಿನ ಮಧ್ಯಾಹ್ನ ಬಾಗಿಲ ಮೇಲಿನ ಕಮಾನಿನ ಗಾರೆ ಚಪ್ಪಡಿಯಂತೆ ಕಳಚಿಕೊಂಡು ಜಗಲಿಗೆ ಬಿತ್ತು. ಅದೃಷ್ಟಕ್ಕೆ ಕೆಳಗೆ ಯಾರೂ ಇರಲಿಲ್ಲ.

ಪ್ರಸನ್ನನಿಗೆ ಕರೆದು ಹೋಳಿಗೆ ಬಡಿಸಿದಷ್ಟು ಖುಷಿಯಾಯಿತು. "ನಾನ್ ಏಳ್ಲಿಲ್ವಾ? ಬೆಲ್ಲ ಸುಣ್ಣ ಕಲ್ಸಿ ಗೋಡೆ ಕಟ್ಟಕ್ಕೆ ಇದೇನ್ ಹಬ್ಬದ ಅಡುಗೆಯಾ?" ಎಂದು ಟೀ ಅಂಗಡಿಯಲ್ಲಿ ಕೂತು ನಗಿಸಿದ. ಶಿವಯ್ಯ ಮುಂದಿನ ಭಾನುವಾರ ಎಲ್ಲರೂ ಸೇರಿ ಕೊನೆಯ ತೀರ್ಮಾನ ಮಾಡೋಣ ಎಂದರು. ಏನು ತೀರ್ಮಾನ ಎಂಬುದು ಎಲ್ಲರಿಗೂ ಗೊತ್ತಿತ್ತು. ಶೋಭಿತಾ ಉದುರಿದ ಗಾರೆಯ ಚೂರುಗಳನ್ನು ಚೀಲದಲ್ಲಿ ಹಾಕಿಕೊಂಡು ಮೈಸೂರಿನ ಬಸ್ಸು ಹತ್ತಿದಳು.

ನಾಗಶ್ರೀಗೆ ಆದದ್ದು ಸಂತೋಷವೇ. ಮುಚ್ಚಿಡುವುದೇನು, ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಓದಿದವಳು, ಬಾವ ಬಾವ ಎನ್ನುವವಳು, ಉಪ್ಪಿಟ್ಟಿಗೂ ಸಾರಿಗೂ ಮಾದರಿಯಾದವಳು ಕೈ ಸುಟ್ಟುಕೊಂಡು ಹೋದಳು. ಬಿದ್ದ ಸವತಿಯನ್ನು ಕಣ್ಣಾರೆ ನೋಡೋಣ ಎಂದು ಅವಳು ಸಂಜೆ ರಾತ್ರಿಶಾಲೆಗೆ ಹೋದಳು. ಗೋಡೆಯ ಮೇಲಿನ ಬಿಳಿ ಪುಡಿಯನ್ನು ಬೆರಳಿನಿಂದ ಒರೆಸಿ, ಯಾಕೋ ನಾಲಗೆಗೆ ಇಟ್ಟುಕೊಂಡಳು.

ಆ ರುಚಿ ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಆಲೆಮನೆಯಲ್ಲಿ ಪೌಡರಿನ ಡಬ್ಬಕ್ಕೆ ಕೈಹಾಕಿ, ಸಕ್ಕರೆ ಎಂದುಕೊಂಡು ನೆಕ್ಕಿ, ಅಪ್ಪನಿಂದ ಏಟು ತಿಂದಿದ್ದಳು. ಅದೇ ಒಗರು, ಮೂಗಿಗೆ ಹತ್ತುವ ಅದೇ ಬೆಂಕಿಕಡ್ಡಿಯ ವಾಸನೆ. ನಾಗಶ್ರೀ ಉಗುಳಿದಳು. ಸುತ್ತ ಯಾರಾದರೂ ನೋಡಿದರೋ ಎಂದು ನೋಡಿದಳು. ಸೆರಗಿನಿಂದ ನಾಲಗೆ ಒರೆಸಿಕೊಂಡು ಮನೆಗೆ ಬಂದವಳು ಯಾರಿಗೂ ಒಂದು ಮಾತು ಹೇಳಲಿಲ್ಲ. ಯಾಕೆ ಹೇಳಬೇಕು? ಅವಳೇನು ಬೇಕೆಂದು ಮಾಡಿದ್ದಳೇ? ಒಳ್ಳೆಯದನ್ನೇ ಕೊಟ್ಟಿದ್ದಳಲ್ಲ! ಸುಮ್ಮನಿದ್ದರೆ ಭಾನುವಾರಕ್ಕೆ ಒಬ್ಬ ಸವತಿಯನ್ನು ಜೇಸಿಬಿ ಒಯ್ಯುತ್ತದೆ, ಇನ್ನೊಬ್ಬಳನ್ನು ಮೈಸೂರಿನ ಬಸ್ಸು ಒಯ್ದಾಗಿದೆ. ಬಾಯಿ ಮುಚ್ಚಿಕೊಂಡಿರುವುದಕ್ಕಿಂತ ಸುಲಭದ ಕೆಲಸ ಇನ್ಯಾವುದಿದೆ?

ರವಿ ಈಗ ಕಾಲೇಜಿನಿಂದ ನೇರ ಮನೆಗೆ ಬರುತ್ತಿದ್ದ. ಕಾಫಿ ಕೊಟ್ಟರೆ ಕುಡಿಯುತ್ತಿದ್ದ, ಕೊಡದಿದ್ದರೆ ಕೇಳುತ್ತಿರಲಿಲ್ಲ. ಬುದ್ಧನ ಪಟದ ಕೆಳಗಿನ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದ. ಮನೆಯ ಗೋಡೆ, ಆಯಿಲ್ ಪೇಂಟ್ ಬಳಿದದ್ದು. ಇದು ತನ್ನ ಗಂಡ ತನಗೆ ಸಿಕ್ಕ ಹಾಗೆಯೇ ಎಂದು ನಾಗಶ್ರೀ ತನ್ನನ್ನು ತಾನೇ ಒಪ್ಪಿಸಿಕೊಂಡಳು. ಶನಿವಾರ ರಜೆ ಇತ್ತು. ಕೇಳಿದ ತಕ್ಷಣ ಹೂಂ ಎಂದು ಅವಳನ್ನೂ ಗಗನಳನ್ನೂ ಮುತ್ತತ್ತಿಗೆ ಕರೆದುಕೊಂಡು ಹೋದ. ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಿ, ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದರು. ಅವಳು ಹೊಳೆಯಲ್ಲಿ ಕಾಲು ಇಳಿಬಿಟ್ಟಳು, ಅವನೂ ಬಿಟ್ಟ. ಆಮೇಲೆ ಅವನಾಗಿಯೇ ಹೇಳಿದ.

"ಫೋನ್ ಮಾಡಿದ್ಲು. ಇನ್ಮೇಲೆ ಯಾವ ಊರಲ್ಲೂ ನನ್ನ ನಂಬಿ ಕೆಲಸ ಕೊಡಲ್ಲ ಬಾವ ಅಂತ ಅಳ್ತಿದ್ಲು."

ಹೊಳೆಯ ನೀರು ತಣ್ಣಗಿತ್ತು. ನಾಗಶ್ರೀ ಕಾಲು ಮೇಲೆತ್ತಿಕೊಂಡು ಸೀರೆಯಿಂದ ಒರೆಸಿಕೊಂಡಳು. ಹೊರಡೋಣ ಎಂದಳು.

ಅವರು ಮನೆಗೆ ಬಂದಾಗ ಜಗಲಿಯ ಮೇಲೆ ಶೋಭಿತಾ ಕೂತಿದ್ದಳು. ಕಣ್ಣು ಊದಿಕೊಂಡಿತ್ತು. ರವಿಯ ಹತ್ತಿರ ಎರಡು ಮಾತಾಡಿ, ಅಕ್ಕನ ಹತ್ತಿರ ಕಾಫಿ ಕುಡಿಯುತ್ತೇನೆ ಎಂದು ಒಳಗೆ ಬಂದು, ಅಡಿಗೆಮನೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದಳು.

"ಅಕ್ಕಾ, ಗಾರೆ ಚೂರನ್ನ ಲ್ಯಾಬಿಗೆ ಕೊಟ್ಟಿದ್ದೆ. ಬೆಲ್ಲಕ್ಕೆ ಹಾಕೋ ಪೌಡರಿಂದ ಹಿಂಗಾಗಿದೆ ಅಂತ ಗೊತ್ತಾಯ್ತು."

ನಾಗಶ್ರೀ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈಗ ಶುರುವಾಗುತ್ತದೆ ಎಂದುಕೊಂಡಳು. ಬರಲಿ. ಇವಳು ಒಂದು ಅಂದರೆ ತಾನು ಹತ್ತು ಅನ್ನುವುದು. ತೊಟ್ಟಿಲಿನಿಂದ ಹಿಡಿದು ಮುತ್ತತ್ತಿಯ ತನಕ ಎಲ್ಲವನ್ನೂ ಅಂದುಬಿಡುವುದು.

"ಯಾರಿಗೂ ಹೇಳಲ್ಲ," ಎಂದಳು ಶೋಭಿತಾ. "ಬೆಲ್ಲ ಅಂದ್ರೆ ನಿಮ್ಮ ತಮ್ಮನ ಹೆಸರು ಬರುತ್ತೆ. ಒಂದ್ಸಲ ಬಾಯಿಂದ ಬಾಯಿಗೆ ಹರಡಿದ್ರೆ ಆಮೇಲೆ ಅವರ ಬೆಲ್ಲ ಯಾರು ಕೊಳ್ತಾರೆ? ನಮ್ಮ ಜನ ಒಂದು ಆಲೆಮನೆ ನಡೆಸೋದು ಎಷ್ಟು ಕಷ್ಟ ಅಂತ ನಂಗೊತ್ತು. ಬೆಲ್ಲ ಬಂದಾಗ ನಾನೇ ಇದ್ದು ನೋಡ್ಬೇಕಿತ್ತು, ಇರಲಿಲ್ಲ. ತಪ್ಪು ನಂದೇ. ನಾಳೆ ಹಂಗೇ ಹೇಳ್ತೀನಿ."

ಅಷ್ಟು ಹೇಳಿ ನಾಗಶ್ರೀಯ ಭುಜ ಮುಟ್ಟಿ, ಕಾಫಿಯನ್ನೂ ಕುಡಿಯದೆ ಎದ್ದು ಹೋದಳು.

ಬೈದಿದ್ದರೆ ನಾಗಶ್ರೀ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು. ಇದು ಎಂಥ ಅನ್ಯಾಯ! ಓದು ಅವಳದು, ತಾತ ಅವಳವನು, ಬಾವ ಎನ್ನುವ ಹಕ್ಕು ಅವಳದು, ಈಗ ದೊಡ್ಡ ಮನಸ್ಸೂ ಅವಳದೇ ಆಗಬೇಕೇ? ನಾಗಶ್ರೀಗೆ ಉಳಿಯುವುದೇನು? ಅವಳು ಎಸೆದ ಕ್ಷಮೆಯನ್ನು ಆಯ್ದುಕೊಂಡು ಸೆರಗಿಗೆ ಕಟ್ಟಿಕೊಳ್ಳುವುದೇ?

ಭಾನುವಾರ ರಾತ್ರಿಶಾಲೆಯ ಮುಂದೆ ಕೇರಿಯೆಲ್ಲ ಸೇರಿತು. ಶಿವಯ್ಯ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಪ್ರಸನ್ನ ಸಮುದಾಯ ಭವನದ ಬಣ್ಣದ ನಕಾಶೆಯನ್ನು ಹಿಂದಿನ ಕಂಬಕ್ಕೆ ಅಂಟಿಸಿದ್ದ. ಮೊದಲು ಎದ್ದು ನಿಂತವಳು ಶೋಭಿತಾ.

"ತಪ್ಪು ನನ್ನದು," ಎಂದಳು. "ಸುಣ್ಣ ಇನ್ನೂ ಮಾಗಬೇಕಿತ್ತು, ನಾನು ಅವಸರ ಮಾಡಿದೆ. ಕಟ್ಟಡದ ತಪ್ಪು ಏನೂ ಇಲ್ಲ. ನಾನು ಈ ಕೆಲಸ ಬಿಟ್ಟು ಹೋಗ್ತೀನಿ. ನನಗಿಂತ ತಿಳಿದವರನ್ನ ಕರೆಸಿ. ಆದರೆ ನಮ್ಮ ತಾತ ಅಂತಲ್ಲ, ಇಲ್ಲಿ ಎಲ್ಲರ ತಾತ ಅಜ್ಜಿಯರು ಹೊತ್ತ ಇಟ್ಟಿಗೆ ಇದೆ. ದಯವಿಟ್ಟು ಕೆಡವಬೇಡಿ."

ಜನ ಗುಜುಗುಜು ಅಂದರು. ನಾಗಶ್ರೀ ಜನರನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಅವನು ಶೋಭಿತಾಳನ್ನೇ ನೋಡುತ್ತಿದ್ದ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಭಿಮಾನವಿತ್ತು, ಕರುಳು ಹಿಂಡುವ ಮರುಕವಿತ್ತು. ಹದಿನಾಲ್ಕು ವರ್ಷದಲ್ಲಿ, ಗಗನ ಹುಟ್ಟಿದ ದಿನ ಕೂಡ, ಆ ನೋಟ ನಾಗಶ್ರೀಯ ಕಡೆಗೆ ತಿರುಗಿರಲಿಲ್ಲ. ಅದೂ ಈ ನೋಟ ಸಿಕ್ಕಿರುವುದು ನಾಗಶ್ರೀಯ ತಪ್ಪನ್ನು ಹೊತ್ತದ್ದರ ಕೂಲಿಯಾಗಿ! ನನ್ನ ತಪ್ಪು ನನ್ನದು, ಅದನ್ನೂ ಇವಳಿಗೆ ಬಿಟ್ಟುಕೊಡಲೇ?

"ಸುಳ್ಳು ಏಳ್ತಾವ್ಳೆ!"

ಎಲ್ಲರೂ ತಿರುಗಿದರು. ನಾಗಶ್ರೀ ಹೆಂಗಸರ ನಡುವಿನಿಂದ ಎದ್ದು ಮುಂದೆ ಬಂದಳು.

"ಸುಣ್ಣ ಸರಿಯಾಗೇ ಇತ್ತು. ಕರೀ ಬೆಲ್ಲ ತತ್ತಾ, ಪೌಡರ್ ಹಾಕಿದ್ದು ಬ್ಯಾಡವೇ ಬ್ಯಾಡ ಅಂತ ಇವ್ಳು ನಂಗೆ ಬಾಯ್ಬುಟ್ಟು ಏಳಿದ್ಲು. ನಮ್ ತಮ್ಮನೂ ಅದೇ ಏಳ್ದ. ಅವನ್ ತಪ್ಪೂ ಇಲ್ಲ. ನಾನೇ ಬ್ಯಾಡ ಅಂದು ಮಾರ್ಕೆಟ್ ಬೆಲ್ಲ ಆರಿಸ್ಕಂಡು ತಂದೆ. ಗಾರೆ ಉದುರಿದ್ದು ನನ್ನಿಂದ. ಏನ್ ಕೇಳ್ಬೇಕೋ ನನ್ನ ಕೇಳಿ."

ಮಂಚಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಶಿವಯ್ಯ ಗಂಟಲು ಸರಿಮಾಡಿಕೊಂಡರು.

"ಅಂಗಾದ್ರೆ ಗಾರೆ ಕೆಲ್ಸದಲ್ಲಿ ಐಬಿಲ್ಲ ಅನ್ನಿ. ಬೆಲ್ಲ ಕೆಟ್ರೆ ಬೆಲ್ಲ ಬದ್ಲಾಯ್ಸಿ. ಅದ್ಕೆ ಕಟ್ಟಡ ಯಾಕೆ ಕೆಡವನ? ಇನ್ನೊಂದ್ ಸಲ ಬಳೀಲಿ. ಏನ್ ಕರಿಯಯ್ಯ?"

"ಬಳ್ದುಬುಡ್ತೀನಿ ಕಣ್ರಯ್ಯ!" ಎಂದ ಕರಿಯಯ್ಯ. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಪ್ರಸನ್ನ ಮುಖ ಗಂಟಿಕ್ಕಿಕೊಂಡು ನಕಾಶೆ ಸುತ್ತತೊಡಗಿದ.

ನಾಗಶ್ರೀಗೆ ಇದ್ಯಾವುದೂ ಬೇಕಿರಲಿಲ್ಲ. ರವಿ ಎದ್ದು ನಿಂತಿದ್ದ, ಅವಳ ಕಡೆಗೇ ಬರುತ್ತಿದ್ದ. ಬೈಯಲಿ, ನಾಲ್ಕು ಜನರ ಮುಂದೆ ಬೇಕಾದರೆ ಕೂಗಾಡಲಿ. ಯಾಕೇ ಹೀಗೆ ಮಾಡಿದೆ ಎಂದು ಕೇಳಲಿ. ಕೇಳಿದರೆ ಹೇಳಲು ಅವಳ ಬಳಿ ಹದಿನಾಲ್ಕು ವರ್ಷದ ಉತ್ತರ ತಯಾರಿತ್ತು. ಅವನ ಮುಖ ಹತ್ತಿರ ಬಂತು. ವಾರದಿಂದ ಕಳೆಗುಂದಿದ್ದ ಆ ಮುಖ ಅರಳಿತ್ತು.

ಅವನು ಅವಳನ್ನು ದಾಟಿಕೊಂಡು ಹೋದ.

"ನೋಡಿದ್ಯಾ? ನಾನು ಹೇಳ್ಲಿಲ್ವಾ, ನಿನ್ನ ಕೈಯಲ್ಲಿ ತಪ್ಪಾಗಲ್ಲ ಅಂತ!" ಎಂದು ಶೋಭಿತಾಳ ಮುಂದೆ ನಿಂತು ನಕ್ಕ. ಗಾರೆ ಕೆರೆದು ತೆಗೆಯುವುದು ಎಲ್ಲಿಂದ ಶುರು ಮಾಡೋಣ ಎಂದು ಕೇಳುತ್ತಾ ಆಗಲೇ ಗೋಡೆಯ ಕಡೆ ನಡೆದ. ಶೋಭಿತಾ ಒಮ್ಮೆ ತಿರುಗಿ ನಾಗಶ್ರೀಯನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜನ ನಡುವೆ ಬಂದರು.

ಬೈಯಲಾದರೂ ಅವನು ವಾಪಸು ಬರುತ್ತಾನೆ ಎಂದುಕೊಂಡು, ಎಲ್ಲರೂ ಎದ್ದು ಮನೆಗೆ ಹೋಗುವವರೆಗೂ ನಾಗಶ್ರೀ ಅಲ್ಲೇ ನಿಂತಿದ್ದಳು.